ಕೋರ್ಸ್ ಫೈಲಿನಲ್ಲಿ ನನ್ನ ತಪ್ಪಿನ ಪುಟ

ಅಹಮದಾಬಾದಿನ ನಮ್ಮ ವಿಶ್ವವಿದ್ಯಾಲಯದಲ್ಲಿ ಪ್ರತಿ ಅಧ್ಯಾಪಕನಿಗೂ ಒಂದು ಕೋರ್ಸ್ ಫೈಲ್ ಉಂಟು. ಅದರಲ್ಲಿ ಪಾಠದ ಯೋಜನೆ, ಪ್ರಶ್ನೆಪತ್ರಿಕೆ, ಮಾದರಿಗೆಂದು ಮೂರು ಉತ್ತರಪತ್ರಿಕೆ: ಉತ್ತಮ, ಮಧ್ಯಮ, ಕಳಪೆ. ಒಬ್ಬರದನ್ನು ಇನ್ನೊಬ್ಬರು ಓದಿ ಪಾಠ ಸುಧಾರಿಸಿಕೊಳ್ಳಲಿ ಎಂಬುದು ಘನ ಉದ್ದೇಶ. ಆದ್ದರಿಂದ ಎಲ್ಲವನ್ನೂ ಬೀರುವಿನಲ್ಲಿಟ್ಟು ಬೀಗ ಹಾಕುತ್ತೇವೆ. ಕಳಪೆ ಎಂದು ಇಡುವ ಪತ್ರಿಕೆಯೂ ಪಾಸಾದದ್ದೇ ಆಗಿರಬೇಕು. ಇದು ಎಲ್ಲೂ ಬರೆಯದ, ಯಾರೂ ಮೀರದ ಸಂಪ್ರದಾಯ.

ನಾನು ಮೀರಿದೆ. ಸೊನ್ನೆ ಬಂದ ಪತ್ರಿಕೆಯನ್ನೇ ಇಟ್ಟು, ಜೊತೆಗೊಂದು ಪುಟ ಬರೆದೆ: ‘ರಾಸಾಯನಿಕ ಸಮತೋಲನ ಕಲಿಸಲು ಬೋರ್ಡಿನ ಮೇಲೆ ತಕ್ಕಡಿ ಬರೆದೆ. ತಕ್ಕಡಿ ಅಲುಗದೆ ನಿಂತಿತ್ತು. ಕ್ರಿಯೆಯೂ ಹಾಗೆಯೇ ನಿಂತುಹೋಗುತ್ತದೆ ಎಂದು ಅರ್ಧ ತರಗತಿ ಬರೆಯಿತು. ನಿಜದಲ್ಲಿ ಕ್ರಿಯೆ ಎರಡೂ ದಿಕ್ಕಿಗೆ ಒಂದೇ ವೇಗದಲ್ಲಿ ನಡೆಯುತ್ತಲೇ ಇರುತ್ತದೆ. ತಪ್ಪು ನನ್ನದು.’ ಆ ಹುಡುಗರಲ್ಲಿ ಅನೇಕರು ನಾಳೆ ವಟ್ವಾದ ಬಣ್ಣದ ಕಾರ್ಖಾನೆಗಳಿಗೆ ಹೋಗುವವರು. ಅಲ್ಲಿನ ರಸಾಯನ ನನ್ನ ಚಿತ್ರಕ್ಕೆ ಮರ್ಯಾದೆ ಕೊಡುವುದಿಲ್ಲ.

ತಪಾಸಣಾ ಸಮಿತಿ ಬರುವ ಮುನ್ನಾದಿನ ವಿಭಾಗದ ಮುಖ್ಯಸ್ಥರು ಕರೆಸಿದರು.

“ಸಾಹೇಬ್, ಇದು ಕೋರ್ಸ್ ಫೈಲೋ, ತಪ್ಪೊಪ್ಪಿಗೆಯೋ?” ಎಂದರು ಹಿಂದಿಯಲ್ಲಿ. “ಈ ಪುಟ ತೆಗೆದು ಹೊಸ ಇಂಡೆಕ್ಸಿಗೆ ಒಂದು ಸಹಿ ಹಾಕಿಬಿಡಿ. ಸಮಿತಿಯವರು ಏನಂದುಕೊಂಡಾರು?”

“ಓದಿದರೆ ತಾನೇ ಅಂದುಕೊಳ್ಳೋದು?”

ಬರುವ ಸೆಮಿಸ್ಟರ್ ಆ ವಿಷಯ ನನ್ನ ಕಿರಿಯ ಸಹೋದ್ಯೋಗಿಯ ಪಾಲಿಗೆ ಬಂದಿತ್ತು. ಸೂರತ್‌ನಲ್ಲಿ ಉಡುಪಿ ಹೋಟೆಲು ನಡೆಸುವವರ ಮಗಳು. ಫೈಲ್ ಕೇಳಲು ಬಂದವಳು ಬಾಗಿಲಲ್ಲೇ ನಿಂತು ಕನ್ನಡದಲ್ಲಿ ಹೇಳಿದಳು: “ಸರ್, ಅದೊಂದು ತೆಗೀಬೇಡಿ ಮಾರಾಯ್ರೆ. ಉಳಿದದ್ದೆಲ್ಲ ಪುಸ್ತಕದಲ್ಲೇ ಉಂಟು. ನೀವು ಎಲ್ಲಿ ಬಿದ್ದದ್ದು ಅಂತ ಗೊತ್ತಾಗದಿದ್ರೆ ನಾನೂ ಅಲ್ಲೇ ಹೋಗಿ ಬೀಳ್ತೇನೆ.”

“ಏನಂತೆ?” ಎಂದರು ಮುಖ್ಯಸ್ಥರು.

“ಪುಟ ಬೇಕಂತೆ.”

“ನಿಮ್ಮ ಬಡ್ತಿಯ ಕಾಗದ ಇನ್ನೂ ನನ್ನ ಮೇಜಿನ ಮೇಲಿದೆ, ಸಾಹೇಬ್.”

“ಅಲ್ಲೇ ಇರಲಿ, ಅದಕ್ಕೂ ಅಭ್ಯಾಸವಾಗಿದೆ,” ಎಂದು ಪೆನ್ನಿನ ಮುಚ್ಚಳ ಹಾಕಿದೆ. ಸಹಿ ಹಾಕಲಿಲ್ಲ.

ಸಹಿಯಿಲ್ಲದ ಫೈಲಿಗೆ ಬೀರುವಿನಲ್ಲಿ ಜಾಗವಿಲ್ಲವಂತೆ. ಸಂತೋಷ. ಎತ್ತಿಕೊಂಡು ಬಂದು ಸ್ಟಾಫ್ ರೂಮಿನ ಮೇಜಿನ ಮೇಲೆ ಬಿಚ್ಚಿಟ್ಟೆ. ಸಮಿತಿ ಬಂತು, ಫಾಫ್ಡಾ ತಿಂದಿತು, ಬೀರುವನ್ನು ಹೊರಗಿನಿಂದಲೇ ಮೆಚ್ಚಿ ಹೋಯಿತು. ನನ್ನ ಬಡ್ತಿ ಈಗಲೂ ಅದೇ ಮೇಜಿನ ಮೇಲಿದೆ. ಆಕೆ ನಾನು ಬಿದ್ದಲ್ಲಿ ಬೀಳಲಿಲ್ಲ. ಬೇರೆ ಕಡೆ ಬಿದ್ದಳು. ಅದನ್ನೂ ಒಂದು ಪುಟ ಬರೆದು ನನ್ನದರ ಹಿಂದೆ ಸೇರಿಸಿದ್ದಾಳೆ, ಕೆಳಗೆ ಪೂರ್ತಿ ಹೆಸರು ಹಾಕಿ. ನಾನು ಈ ವರ್ಷ ಇನ್ನೆರಡು ಸೇರಿಸಿದ್ದೇನೆ.