ದಾರ ಎತ್ತುವ ಜಾಗ

ನಮ್ಮ ಮನೆಯವರಿಗೆ ಮೀನಿನ ಹುಚ್ಚು ಹಿಡಿದದ್ದು ಅರವತ್ತು ದಾಟಿದ ಮೇಲೆ. ಅದಕ್ಕೂ ಮೊದಲು ಹಿಡಿಯೋಣ ಅಂದರೆ ನಮ್ಮ ಕಡೆ ನೀರಾದರೂ ಎಲ್ಲಿತ್ತು? ಸಾದಲಿ ಕಡೆಯ ನಮ್ಮೂರ ಕೆರೆ, ನಾನು ಮದುವೆಯಾಗಿ ಬರುವ ಹೊತ್ತಿಗಾಗಲೇ ಬತ್ತಿ ಬಯಲಾಗಿತ್ತು. ಕೆರೆಯಂಗಳದ ತುಂಬ ಜಾಲಿ. ನಾನು ದಿಬ್ಬೂರಹಳ್ಳಿ ಶಾಲೆಯಲ್ಲಿ ಟೀಚರ್ ಆಗಿದ್ದೆ. ಏರಿ ಸುತ್ತಿಕೊಂಡು ಹೋದರೆ ಬಸ್ಸು ತಪ್ಪುತ್ತದೆಂದು ದಿನವೂ ಕೆರೆಯಂಗಳದ ಕಾಲುದಾರಿಯಲ್ಲೇ ಓಡುತ್ತಿದ್ದೆ. ದಾರಿಯ ಪಕ್ಕದಲ್ಲಿ ಒಂದು ಕಡೆ ಯಾರೋ ಜಾಲಿಮುಳ್ಳು ಕಡಿದು ಗುಡ್ಡೆ ಹಾಕಿದ್ದರು. ಒಣಗಿತು ಅನ್ನುವಷ್ಟರಲ್ಲಿ ಮತ್ತೆ ಹಸಿಮುಳ್ಳು ಬಂದು ಬೀಳುತ್ತಿತ್ತು. ಸೆರಗು ಸಿಕ್ಕಿಕೊಂಡಾಗಲೆಲ್ಲ ‘ಹಾಕಿದವನ ಕೈ ಸೇದಿಹೋಗ’ ಎಂದು ಬಾಯಿತುಂಬ ಬೈದು ಮುಂದೆ ಹೋಗುತ್ತಿದ್ದೆ.

ಒಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ನನ್ನ ಮೊದಲನೆಯದು ಹೆಣ್ಣು ಮಗು. ಏಳು ತಿಂಗಳಿಗೆ ಜ್ವರ ಬಂದು ಮೂರೇ ದಿನದಲ್ಲಿ ಹೋಯಿತು. ನಮ್ಮಲ್ಲಿ ಎಳೆಮಕ್ಕಳನ್ನು ಸುಡುವುದಿಲ್ಲ, ಹೂಳುತ್ತಾರೆ. ಹೆಂಗಸರು ಜೊತೆಗೆ ಹೋಗುವಂತಿಲ್ಲ. ನನ್ನದೊಂದು ಹಳೇ ಸೀರೆಯಲ್ಲಿ ಸುತ್ತಿ ಇವರೇ ತೋಳಿನ ಮೇಲೆ ಎತ್ತಿಕೊಂಡು ಹೋದರು. ಹಿಂದೆ ಗುದ್ದಲಿ ಹಿಡಿದು ಇವರ ಅಣ್ಣ. ವಾಪಸು ಬಂದು ಬಾಗಿಲಲ್ಲಿ ನೀರು ಹುಯ್ದುಕೊಳ್ಳುತ್ತಿದ್ದಾಗಲೇ ನಾನು ಎಲ್ಲಿಟ್ಟಿರಿ ಎಂದು ಕೇಳಿದೆ. ಅತ್ತೆ ನನ್ನ ಬಾಯಿ ಮುಚ್ಚಿದರು. “ಕೇಳ್ಬಾರ್ದಮ್ಮಾ. ಹೆತ್ತೋಳು ಜಾಗ ತಿಳ್ಕೊಂಡ್ರೆ ಮುಂದಿನ ಮಕ್ಕಳು ನಿಲ್ಲಲ್ಲ.”

ಆಮೇಲೆ ಗಂಡುಮಕ್ಕಳಿಬ್ಬರು ಹುಟ್ಟಿದರು, ನಿಂತರು. ಅವರಿಗೂ ಈಗ ಮಕ್ಕಳಿದ್ದಾರೆ. ಅತ್ತೆ ತೀರಿಕೊಂಡೇ ಬಹಳ ವರ್ಷವಾಯಿತು. ಆದರೂ ನಾನು ಕೇಳಲಿಲ್ಲ, ಇವರು ಹೇಳಲಿಲ್ಲ. ಟೀಚರಮ್ಮನ ಬಾಯಿಗೆ ಬೀಗವಿಲ್ಲ ಎಂದು ಊರೇ ಆಡಿಕೊಳ್ಳುತ್ತದೆ. ಅಂಥವಳು ಆ ಒಂದು ಮಾತನ್ನು ಮಾತ್ರ ಮೂವತ್ತು ವರ್ಷ ಗಂಟಲಲ್ಲೇ ಇಟ್ಟುಕೊಂಡೆ. ಕೆಲವು ದಿನ ಪಾಠ ಹೇಳುತ್ತಾ ಹೇಳುತ್ತಾ ಸುಮ್ಮನೆ ನಿಂತುಬಿಡುತ್ತಿದ್ದೆ. ಎಲ್ಲಿ ಮಲಗಿದ್ದಾಳೋ ಎಂಬುದೊಂದೇ ಯೋಚನೆ.

ಕೆಲವು ವರ್ಷಗಳ ಹಿಂದೆ ಮಳೆ ಹಿಡಿಯಿತು ನೋಡಿ, ಬಿಡಲೇ ಇಲ್ಲ. ಕೆರೆ ತುಂಬಿ ಕೋಡಿ ಹೋಯಿತು. ಊರಿನವರೆಲ್ಲ ಏರಿಯ ಮೇಲೆ ನಿಂತು ನೀರಿಗೆ ಅರಿಶಿನ ಕುಂಕುಮ ಹಾಕಿದೆವು. ಇವರು ಮಾತ್ರ ತೂಬಿನ ಹತ್ತಿರ ಒಬ್ಬರೇ ನಿಂತು ಅಳುತ್ತಿದ್ದರು. “ಪಾಪ, ಸಂತೋಷಕ್ಕೆ ಅಳ್ತಾವ್ನೆ” ಅಂದರು ಜನ. ನಾನೂ ಹಾಗೇ ಅಂದುಕೊಂಡೆ.

ಆ ವರ್ಷವೇ ಎಲ್ಲಿಂದಲೋ ಒಂದು ಹಳೇ ಹರಿಗೋಲು ತಂದರು. ನಾನು ರಿಟೈರ್ ಆದ ಮೇಲೆ ನನ್ನನ್ನೂ ಅದರಲ್ಲಿ ಕೂರಿಸಿ ಕೈಗೆ ಹುಟ್ಟು ಕೊಟ್ಟರು. ಟೀಚರಮ್ಮ ಈಗ ಬೆಸ್ತರ ಕೆಲಸ ಕಲಿತವ್ಳೆ ಎಂದು ಊರವರು ನಗಾಡಿದರು. ನಕ್ಕವರ ಮನೆಗೂ ಮೀನು ಕಳಿಸಿದೆವು, ನಗು ನಿಂತಿತು.

ಇವರದು ದಡದಲ್ಲಿ ಗಾಳ ಹಾಕಿ ತೂಕಡಿಸುವ ಬೇಟೆಯಲ್ಲ. ಹರಿಗೋಲಿನ ಹಿಂದೆ ಎರಡು ದಾರ ಬಿಟ್ಟು ಎಳೆದುಕೊಂಡು ಹೋಗುವುದು. ಗಾಳದಿಂದ ಒಂದು ಗೇಣು ಮೇಲೆ ಸೀಸದ ಗುಂಡು. ಅದನ್ನು ಹಳೇ ಸೌಟಿನಲ್ಲಿ ಕರಗಿಸಿ ಇವರೇ ಮಾಡುತ್ತಿದ್ದರು. ಬಿಸಿಲು ಏರಿದಂತೆ ಜಿಲೇಬಿ ಮೀನು ಆಳಕ್ಕೆ ಇಳಿಯುತ್ತದೆ, ಆಗ ದೊಡ್ಡ ಗುಂಡು. ಮೋಡವಿದ್ದರೆ ಸಣ್ಣದು ಸಾಕು. ಮೀನಿಗೆ ಆಸೆ ತೋರಿಸಲು ರೇಷ್ಮೆಹುಳ. ಶಿಡ್ಲಘಟ್ಟದಲ್ಲಿ ಗೂಡಿನಿಂದ ನೂಲು ಬಿಚ್ಚಿದ ಮೇಲೆ ಉಳಿಯುತ್ತದಲ್ಲ, ಅದೇ ಬೆಂದ ಹುಳ. ಮೆತ್ತಗಿದ್ದು ಗಾಳದಿಂದ ಜಾರುತ್ತದೆ ಅಂತ ರೇಷ್ಮೆ ಎಳೆಯಿಂದಲೇ ಸುತ್ತಿ ಕಟ್ಟುತ್ತಿದ್ದರು. ಇಷ್ಟೆಲ್ಲ ಮಾಡಿದರೂ ಕೆಲಸ ಕೆಡುವುದು ಹುಟ್ಟು ಹಾಕುವವಳ ಕೈಯಲ್ಲಿ. ಬೇಗ ಹೋದರೆ ಗುಂಡು ಮೇಲೇಳುತ್ತದೆ, ನಿಂತರೆ ಇಳಿದು ಕೆಸರು ಕಚ್ಚುತ್ತದೆ.

“ಮೆಲ್ಲಗಾ ಕಣೇ, ಮೆಲ್ಲಗಾ. ಬಸ್ಸು ಹಿಡಿಯೋಕೆ ಹೋಗ್ತಾ ಇಲ್ಲ ನಾವು” ಅನ್ನುತ್ತಿದ್ದರು.

ಆದರೆ ಒಂದು ಜಾಗ ಬಂದರೆ ಇವರೇ ಎರಡೂ ದಾರ ಎತ್ತಿಬಿಡುತ್ತಿದ್ದರು. ತೂಬಿನ ಕಲ್ಲುಕಂಬಕ್ಕೆ ನೇರ, ಮುಳುಗಿದ ಜಾಲಿಮರದ ತುದಿ ಕಾಣುತ್ತದಲ್ಲ, ಅದರ ಈಚೆ. ಮೀನು ಕಚ್ಚುತ್ತಿದ್ದರೂ ಸರಿ, ದಾರ ಸುತ್ತಿ ಗುಂಡು ಅಂಗೈಯಲ್ಲಿ ಹಿಡಿದುಕೊಂಡು ಕೂರುತ್ತಿದ್ದರು. ಹತ್ತು ಮಾರು ದಾಟಿದ ಮೇಲೆ ಮತ್ತೆ ಬಿಡುತ್ತಿದ್ದರು. ಯಾಕ್ರೀ ಅಂದರೆ, “ಅಲ್ಲಿ ಬೊಡ್ಡೆ ಐತೆ, ಸಿಕ್ಕಾಕೊಳ್ತದೆ.” ಇರಬಹುದು ಅಂದುಕೊಂಡೆ. ಬತ್ತಿದ್ದಾಗ ಕೆರೆಯಂಗಳವನ್ನೆಲ್ಲ ತುಳಿದವರು. ನಾನೂ ತುಳಿದವಳೇ, ಆದರೆ ನೀರಿನ ಮೇಲೆ ಕೂತು ನೋಡಿದರೆ ನನಗೆ ನೆಲದ ಒಂದು ಗುರುತೂ ಹತ್ತುತ್ತಿರಲಿಲ್ಲ.

ಹೋದ ವರ್ಷ ಆಷಾಢದಲ್ಲಿ ಒಂದು ಬೆಳಿಗ್ಗೆ ಗಾಳಿ ಜೋರಾಯಿತು. ಹರಿಗೋಲು ಗಿರಗಿರ ತಿರುಗಿತು. ನನ್ನ ಕೈಲಿ ಆಗಲಿಲ್ಲ. ಇವರು ಹುಟ್ಟು ತೆಗೆದುಕೊಂಡು ದಾರಗಳನ್ನು ನನಗೆ ಕೊಟ್ಟರು. ಒಂದನ್ನು ಸುತ್ತಿಟ್ಟೆ, ಇನ್ನೊಂದು ನೀರಲ್ಲೇ ಇತ್ತು. ಗಾಳಿ ನಮ್ಮನ್ನು ಎತ್ತ ತಳ್ಳುತ್ತಿದೆ ಎಂದು ಇಬ್ಬರೂ ನೋಡಲಿಲ್ಲ. ಬೆರಳಿಗೆ ಟಕ್ ಅಂತ ತಾಗಿತು, ಮತ್ತೆ ಟಕ್.

“ಕಲ್ಲು ಸಿಕ್ತು ನೋಡ್ರಿ” ಅಂದೆ.

ಇವರು ತಲೆ ಎತ್ತಿ ತೂಬಿನ ಕಡೆ ನೋಡಿದರು. ಮುಖ ಬಿಳಿಚಿಕೊಂಡಿತು. “ಎತ್ತೇ! ಎತ್ತು ದಾರ!” ಎಂದು ಕೂಗಿದರು. ಮದುವೆಯಾದಾಗಿನಿಂದ ನನ್ನ ಮೇಲೆ ಹಾಗೆ ಕೂಗಿದವರಲ್ಲ. ಎಳೆದೆ, ಬರಲಿಲ್ಲ. ಇನ್ನೂ ಜೋರಾಗಿ ಎಳೆಯಹೋದಾಗ ನನ್ನ ಕೈ ಹಿಡಿದರು. “ಎಳೀಬೇಡ. ಕಲ್ಲು ಕದಲ್ತದೆ.” ಜೇಬಿನಿಂದ ಬ್ಲೇಡು ತೆಗೆದು ದಾರ ಕೊಯ್ದುಬಿಟ್ಟರು. ನನ್ನ ಬಾಯಿ ಸುಮ್ಮನಿರಬೇಕಲ್ಲ. ಬಂಗಾರದಂಥ ಗುಂಡು ಹೋಯಿತಲ್ಲ, ಬೊಡ್ಡೆ ಅಂದಿರಿ, ಕಲ್ಲಾಯಿತಲ್ಲ ಎಂದು ಶುರು ಮಾಡಿದೆ.

“ಪಾಪು ಅಲ್ಲೈತೆ ಕಣೇ” ಅಂದರು.

ಗಾಳಿ ಹರಿಗೋಲನ್ನು ತಿರುಗಿಸುತ್ತಲೇ ಇತ್ತು. ನಾನು ಅಂಚು ಹಿಡಿದು ನೀರನ್ನು ನೋಡಿದೆ. ಕೆಂಪು ನೀರು, ಒಂದು ಮೊಳ ಕೆಳಗೂ ಕಾಣಲಿಲ್ಲ. ನನ್ನ ಮಗು. ನನ್ನ ಬೆರಳಿಗೆ ತಾಗಿದ್ದು ಅವಳ ಮೇಲಿಟ್ಟ ಕಲ್ಲು. ಎದೆ ಒಡೆದುಹೋಗುವ ಹಾಗೆ ಅತ್ತುಬಿಟ್ಟೆ. ಇವರು ಹುಟ್ಟು ಬಿಟ್ಟು ನನ್ನ ಎದುರಿಗೆ ಬಂದು ಕುಕ್ಕರಗಾಲಲ್ಲಿ ಕೂತರು.

ಅಷ್ಟು ವರ್ಷದ್ದನ್ನೆಲ್ಲ ಅಲ್ಲೇ, ತಡೆದು ತಡೆದು ಹೇಳಿದರು. “ಮಾವಿನ ತೋಪಲ್ಲಿ ಮಡಗಣ ಅಂದ ಅಣ್ಣ. ನಾನು ಒಪ್ಪಲಿಲ್ಲ. ನಿಂಗೆ ಜಾಗ ಹೇಳಂಗಿಲ್ಲ ಅಂದ್ಬಿಟ್ಟಿದ್ಲು ಅಮ್ಮ. ಅದಕ್ಕೇ ನೀನು ಸ್ಕೂಲಿಗೆ ಹೋಗೋ ದಾರಿ ಪಕ್ಕದಲ್ಲೇ ಮಡಗಿದೆ. ನಿಂಗೆ ತಿಳೀದಿದ್ರೂ ದಿನಾ ಎರಡು ಸಲ ಪಕ್ಕದಲ್ಲಿ ಹಾದು ಹೋಗ್ತೀಯಲ್ಲ, ಪಾಪೂಗೆ ನಿನ್ನ ಕಾಲ್ಸಪ್ಪಳ ಕೇಳಿಸ್ತದೆ ಅಂತ.”

ಮತ್ತೆ ಅಂದರು: “ನಾಯಿ ಕೆದಕ್ತಾವೆ ಅಂತ ಮುಳ್ಳು ಹಾಕ್ತಾ ಇದ್ದೆ. ಒಣಗಿದಂಗೆಲ್ಲ ಹೊಸದು. ನೀರು ಬಂತಲ್ಲ, ಇನ್ನು ನಾಯಿ ಕಾಟ ಇಲ್ಲ.”

ಅಷ್ಟು ವರ್ಷದ ಮೇಲೆ ನಾಯಿಗೆ ಅಲ್ಲಿ ಏನು ಸಿಗುತ್ತದೆ ಎಂದು ನಾನು ಕೇಳಲಿಲ್ಲ. ಇವರ ಕೈ ನೋಡಿದೆ. ಮೊಣಕೈವರೆಗೂ ಹಳೇ ಗೀರುಗಳು. ಮುಳ್ಳೇ ಇಲ್ಲದ ಹಿಪ್ಪುನೇರಳೆ ತೋಟ ಮಾಡುವವರಿಗೆ ಇಷ್ಟೊಂದು ಗೀರು ಎಲ್ಲಿಂದ ಬರುತ್ತವೆ ಎಂದು ಎಷ್ಟೋ ಸಲ ರೇಗಿಸಿದ್ದೆ.

ಈಗಲೂ ವಾರಕ್ಕೆರಡು ಸಲ ಹೋಗುತ್ತೇವೆ. ಆ ಜಾಗ ಹತ್ತಿರವಾದಾಗ ಇವರು ಹೇಳುವ ಮೊದಲೇ ನಾನು ಹುಟ್ಟು ಎತ್ತಿ ತೊಡೆಯ ಮೇಲಿಟ್ಟುಕೊಳ್ಳುತ್ತೇನೆ, ಇವರು ದಾರ ಎತ್ತುತ್ತಾರೆ. ಹರಿಗೋಲು ಅದರ ಪಾಡಿಗೆ ತೇಲಿಕೊಂಡು ದಾಟುತ್ತದೆ. ಈ ನಡುವೆ ಇವರ ಬಲಗೈ ನಡುಗುತ್ತಿದೆ, ಗುಂಡು ಅಂಗೈಯಲ್ಲಿ ನಿಲ್ಲುವುದಿಲ್ಲ. ವಯಸ್ಸಾಯಿತು ಎನ್ನುತ್ತಾರೆ ಡಾಕ್ಟರು. ಆ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂರುತ್ತೇನೆ. ಮುಳ್ಳು ಹಾಕಿದವನಿಗೆ ನಾನು ದಿನಾ ಏನೆಂದು ಬೈಯುತ್ತಿದ್ದೆ ಅನ್ನುವುದನ್ನು ಇವರಿಗೆ ಇನ್ನೂ ಹೇಳಿಲ್ಲ.