ಅದು ದೋಣಿಯಲ್ಲ, ಉಪ್ಪಿನ ಮರಿಗೆ

ಕಳೆದ ವಾರ ಶೋಳಿಂಗನಲ್ಲೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ಸೀಮಂತದ ಊಟವಿತ್ತು. ಸಾರಿಗೆ ಇಂಗಿನ ಒಗ್ಗರಣೆ ಬಿದ್ದ ವಾಸನೆ ಹಿಡಿದು ಅಡುಗೆಯವರ ಕಡೆ ಹೋದೆ. ಅಲ್ಲೊಬ್ಬ ಅಂಗೈಗೆ ಸಾರು ಸುರಿದುಕೊಂಡು ಸೊರ್ರೆಂದು ಎಳೆದು, ಸರಿಯಿದೆ ಎಂದು ತಲೆಯಾಡಿಸಿದ. ವಡಪಳನಿಯಲ್ಲಿ ನಮ್ಮ ಮನೆಯ ಕೆಳಗಿದ್ದ ಹೋಟೆಲಿನ ಭಟ್ಟರು ನೆನಪಾದರು. ಅವರಾಗಿದ್ದರೆ ಆ ಸಾರನ್ನು ಅಲ್ಲೇ ಚೆಲ್ಲಿಸುತ್ತಿದ್ದರು…

ಭಟ್ಟರು ಉಡುಪಿ ಕಡೆಯವರು. ನೈವೇದ್ಯಕ್ಕೆ ಮೊದಲು ಅಡುಗೆಯನ್ನು ನಾಲಿಗೆಗೆ ಮುಟ್ಟಿಸಬಾರದು ಎಂದು ಕಲಿತವರು, ಹೋಟೆಲಿಗೆ ಬಂದ ಮೇಲೂ ಅದನ್ನು ಬಿಡಲಿಲ್ಲ. ಕೊಪ್ಪರಿಗೆಯ ಆವಿಗೆ ಮೂಗು ಒಡ್ಡಿ, ಉಪ್ಪು ಕಮ್ಮಿಯೋ ಹೆಚ್ಚೋ ಹೇಳುತ್ತಿದ್ದರು. ನಾಲ್ಕು ದಶಕ ಹೀಗೇ ಮೂಗಿನಲ್ಲಿ ಅಡುಗೆ ಮಾಡಿದರು.

ನಾನಾಗ ಕಾಲೇಜಿನಲ್ಲಿದ್ದೆ. ಹೋಟೆಲಿಗೆ ರಜೆಯಿದ್ದ ಒಂದು ದಿನ, ವಡಪಳನಿ ಹತ್ತಿರದ ಪುಟ್ಟ ಮ್ಯೂಸಿಯಮ್ಮಿಗೆ ಹೊರಟಿದ್ದ ನನ್ನ ಜೊತೆ ಅವರೂ ಬಂದರು. ಕಂಚಿನ ವಿಗ್ರಹಗಳಿಗೆಲ್ಲ ಕೈಮುಗಿಯುತ್ತ ಬಂದವರು, ಮೂಲೆಯಲ್ಲಿದ್ದ ಒಂದು ಮರದ ವಸ್ತುವಿನ ಮುಂದೆ ನಿಂತುಬಿಟ್ಟರು. ಒಂದೇ ದಿಮ್ಮಿಯನ್ನು ಒಳಗೆ ಕೊರೆದು ಮಾಡಿದ ಉದ್ದನೆಯ ತೊಟ್ಟಿ. ಫಲಕದಲ್ಲಿ ‘ಮೀನುಗಾರರ ದೋಣಿಯ ಮಾದರಿ’ ಎಂದಿತ್ತು. ಓದಿ ಹೇಳಿದೆ.

“ದೋಣಿಯಾ? ಇದು ಉಪ್ಪಿನ ಮರಿಗೆ, ಉಪ್ಪು ತುಂಬಿಸಿ ಇಡುದು. ಉಪ್ಪಿನ ನೀರು ಇಳೀಲಿಕ್ಕೆ ಅಡಿಯಲ್ಲಿ ತೂತು ಉಂಟು ನೋಡು. ತೂತಿನ ದೋಣಿಯಲ್ಲಿ ಕೂತು ಎಲ್ಲಿಗೆ ಹೋಗುದು ಮಾರಾಯ್ತಿ?”

ನನಗೆ ನಗು ತಡೆಯಲಾಗಲಿಲ್ಲ. ಅವರು ಮಾತ್ರ ನಗಲಿಲ್ಲ. ಅವರ ಅಮ್ಮ ಅಡುಗೆ ಕಲಿಸಿದ್ದು ಅಂಥದೇ ಮರಿಗೆಯಿಂದ ಉಪ್ಪು ತೆಗೆದುಕೊಟ್ಟೇ ಅಂತೆ. ಆ ಫಲಕ ಬದಲಾಗಲೇಬೇಕು ಎಂದು ಹಟ ಹಿಡಿದರು. ತಮಿಳು ಬರೆಯಲು ಬಾರದ ಅವರಿಗಾಗಿ ನಾನು ಅರ್ಜಿ ಬರೆದೆ, ಅವರು ಕನ್ನಡದಲ್ಲಿ ರುಜು ಹಾಕಿದರು. ಮೊದಲನೆಯದಕ್ಕೆ ಉತ್ತರವಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯದನ್ನು ಕೈಯಲ್ಲೇ ಕೊಟ್ಟಾಗ ಮ್ಯೂಸಿಯಮ್ಮಿನ ಅಧಿಕಾರಿ ನಮ್ಮ ಜೊತೆ ಎದ್ದು ಬಂದರು. ಬಗ್ಗಿ ನೋಡಿ, ತೂತು ಹುಳ ಕೊರೆದದ್ದು ಎಂದರು.

ಭಟ್ಟರು ಮರಿಗೆಯೊಳಗೆ ಬೆರಳು ಒತ್ತಿ ಉಜ್ಜಿದರು. ಕಾವಲುಗಾರ “ತೊಡಾದೀಂಗ ಸಾಮಿ!” ಎಂದು ಮುಟ್ಟದಂತೆ ಕೂಗುತ್ತ ಓಡಿಬಂದ. ಅಷ್ಟರಲ್ಲಿ ಬೆರಳು ಬಾಯಿ ಸೇರಿತ್ತು. ಸ್ವಂತ ಸಾರನ್ನೇ ರುಚಿ ನೋಡದ ಮನುಷ್ಯ, ಯಾರದೋ ಮನೆಯ ಹಳೆಯ ಮರವನ್ನು ನಾಲ್ಕು ಜನರ ಎದುರು ರುಚಿ ನೋಡಿದ್ದರು!

“ಉಪ್ಪೇ,” ಎಂದರು, ಕಣ್ಣಲ್ಲಿ ನೀರು ತುಂಬಿಕೊಂಡು.

ಅಧಿಕಾರಿ, ನಾಲಿಗೆಯ ಸಾಕ್ಷಿಯನ್ನು ಫೈಲಿನಲ್ಲಿ ಹೇಗೆ ಬರೆಯುವುದು ಎಂದು ನಕ್ಕು ಒಳಗೆ ಹೋದರು. ಮುಂದಿನ ಸಲ ಹೋದಾಗ ಮರಿಗೆಗೆ ಗಾಜಿನ ಪೆಟ್ಟಿಗೆ ಬಂದಿತ್ತು. ಫಲಕ ಹಾಗೆಯೇ ಇತ್ತು.

“ಗಾಜು ಹಾಕಿದ್ರಲ್ಲ, ಅಷ್ಟಾಯ್ತು. ಇನ್ನು ಹೆಸರೊಂದು. ಇನ್ನೊಂದು ಅರ್ಜಿ ಬರಿ ಮಗಾ,” ಎಂದರು ಭಟ್ಟರು.

ಪರೀಕ್ಷೆ ಮುಗಿಯಲಿ ಎಂದೆ. ಪರೀಕ್ಷೆ ಮುಗಿದು ಕೆಲಸ ಸಿಕ್ಕಿತು, ಮದುವೆಯಾಯಿತು… ಸಿಕ್ಕಾಗಲೆಲ್ಲ ಅವರು ಕೇಳುತ್ತಿದ್ದರು, ನಾನು ಮುಂದಿನ ವಾರ ಎನ್ನುತ್ತಿದ್ದೆ. ಭಟ್ಟರು ತೀರಿಕೊಂಡರೆಂದು ಅಮ್ಮ ಫೋನಿನಲ್ಲಿ ಹೇಳಿದಾಗ ಮೊದಲು ನೆನಪಾದದ್ದು ಬರೆಯದೆ ಉಳಿದ ಆ ಅರ್ಜಿ. ನಾಚಿಕೆಯಾಯಿತು. ಅರ್ಧ ಗಂಟೆಯ ಕೆಲಸವನ್ನು ವರ್ಷಗಟ್ಟಲೆ ತಳ್ಳಿದ್ದಕ್ಕೆ ಈಗಲೂ ಆಗುತ್ತದೆ.

ಸೀಮಂತದ ಮರುದಿನ ಬೆಳಿಗ್ಗೆಯೇ ರಜೆ ಹಾಕಿ ಮ್ಯೂಸಿಯಮ್ಮಿಗೆ ಹೋದೆ. ಗಾಜು ಮಂಕಾಗಿತ್ತು, ಒಳಗೆ ದೋಣಿ ದೋಣಿಯಾಗಿಯೇ ಇತ್ತು. ಕಚೇರಿಯಲ್ಲಿ ಈಗ ಚುರುಕಾದ ಹೊಸ ಹುಡುಗಿಯೊಬ್ಬಳು ಅಧಿಕಾರಿ. ಅಡಿಯ ತೂತಿನಿಂದ ಹಿಡಿದು ಬೆರಳು ಚೀಪಿದ್ದರವರೆಗೆ ಎಲ್ಲ ಹೇಳಿದೆ. ಅವಳು ನಗಲಿಲ್ಲ. ತಿದ್ದುಪಡಿಯ ಅರ್ಜಿ ನಮೂನೆಯೊಂದನ್ನು ಮುಂದಿಟ್ಟಳು. ಮಾಹಿತಿ ಕೊಟ್ಟವರ ಹೆಸರು ಎಂದಿದ್ದ ಕಡೆ ಭಟ್ಟರ ಪೂರ್ತಿ ಹೆಸರನ್ನು ನಿಧಾನವಾಗಿ ಬರೆದೆ.

“ಅವರ ಫೋನ್ ನಂಬರ್, ಮೇಡಂ?”

“ಅವರು ಇಲ್ಲ,” ಎಂದೆ. “ನನ್ನ ನಂಬರ್ ಬರೆದುಕೊಳ್ಳಿ. ಇನ್ನು ಮುಂದೆ ಕೇಳಲು ಬರುವವಳು ನಾನೇ.”