ಜುಬೈದಕ್ಕ ತೆಗೆದುಹಾಕಿದ ಜಾವಾ

ಅತ್ತಾವರದ ರಕ್ತಪರೀಕ್ಷೆಯ ಲ್ಯಾಬೊಂದಕ್ಕೆ ರಿಪೋರ್ಟ್ ಪ್ರಿಂಟ್ ಮಾಡುವ ಸಾಫ್ಟ್‌ವೇರ್ ಬರೆದುಕೊಟ್ಟವನು ನಾನು. ಅದು ಓಡಬೇಕಾದರೆ ಕಂಪ್ಯೂಟರಿನಲ್ಲಿ ಜಾವಾ ಎಂಬ ಇನ್ನೊಂದು ಸಾಫ್ಟ್‌ವೇರ್ ಇರಲೇಬೇಕು. ಕೌಂಟರಿನ ಜುಬೈದಕ್ಕನಿಗೋ ಗುರುತಿಲ್ಲದ್ದು ಕಂಡರೆ ಆಗದು.

"ದಿನಾ ಅಪ್‌ಡೇಟ್ ಕೇಳ್ತದೆ ಮಾರಾಯ್ರೆ, ವೈರಸ್ ಅಂತ ತೆಗೆದದ್ದು," ಎಂದು ಅವರು ಫೋನ್ ಮಾಡಿದಾಗಲೆಲ್ಲ ಹಿಂದಿನಿಂದ ರಿಪೋರ್ಟಿಗೆ ಕಾದವರ ಬೈಗುಳ ಕೇಳುತ್ತಿತ್ತು. ನಾನು ಕಾವೂರಿನಿಂದ ಓಡಿಬಂದು ಮತ್ತೆ ಹಾಕುತ್ತಿದ್ದೆ.

ಕೊನೆಗೆ ಸಾಕಾಯಿತು. ಜಾವಾದಲ್ಲಿ ನಮಗೆ ಬೇಕಾದಷ್ಟನ್ನೇ ಉಳಿಸಿ, ಮಿಕ್ಕದ್ದನ್ನು ಕತ್ತರಿಸಿ, ನನ್ನ ಸಾಫ್ಟ್‌ವೇರಿನ ಹೊಟ್ಟೆಯೊಳಗೇ ಸೇರಿಸಿದೆ. ಹೊಸದನ್ನು ಹಾಕಿ, "ಈಗ ಜಾವಾ ತೆಗೀರಿ," ಎಂದೆ.

"ಮತ್ತೆ ನನಗೆ ಬೈಲಿಕ್ಕಿಲ್ಲ, ಆಯ್ತಾ?" ಎಂದು ಜುಬೈದಕ್ಕ ತೆಗೆದೇಬಿಟ್ಟರು.

ಕತ್ತರಿಸಬಾರದ್ದನ್ನು ಕತ್ತರಿಸಿಬಿಟ್ಟೆನೋ ಎಂದು ಅಳುಕುತ್ತಲೇ ಒಂದು ರಿಪೋರ್ಟಿಗೆ ಪ್ರಿಂಟ್ ಕೊಟ್ಟೆ. ಪ್ರಿಂಟರ್ ಗರಗರ ಎಂದು ಯಾರದೋ ಹಿಮೋಗ್ಲೋಬಿನ್ ರಿಪೋರ್ಟನ್ನು ಹೊರಗೆ ತಳ್ಳಿತು. ಅಬ್ಬ!

"ಜಾವಾ ಇಲ್ಲದೆ ಇದು ಹೇಗೆ?"

"ಒಳಗೇ ಉಂಟು ಅಕ್ಕ, ಬುತ್ತಿ ಕಟ್ಟಿ ಕಳಿಸಿದ ಹಾಗೆ."

"ಅದೂ ಅಪ್‌ಡೇಟ್ ಕೇಳ್ತದಾ?"

"ಇಲ್ಲ. ಇನ್ನು ಅಪ್‌ಡೇಟ್ ಬೇಕಾದಾಗ ನಾನೇ ಬಂದು ಕೇಳ್ತೇನೆ."

ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಗುರುತಿಲ್ಲದ ಸಾಫ್ಟ್‌ವೇರನ್ನು ನೋಡುವ ಅದೇ ನೋಟ.